ಚಂದಾ ಕಟ್ಟಿದ ಚಾರ್ಟ್ ಸೇವೆ, ಡಿ3, ವೇಗಾ-ಲೈಟ್: ನನ್ನ ಓಟು ಕೊನೆಯದಕ್ಕೆ

ವೆಬ್ ಪುಟದಲ್ಲಿ ಚಾರ್ಟ್ ಹಾಕೋಕೆ ಮೂರು ದಾರಿ ನೋಡಿದೆ: ಒಂದು ಚಂದಾ ಸೇವೆ, ಇನ್ನೆರಡು ಕೋಡ್ ಬರೆದು ಚಾರ್ಟ್ ಬಿಡಿಸುವ ಸಾಧನಗಳಾದ ಡಿ3 ಮತ್ತು ವೇಗಾ-ಲೈಟ್. ನನಗೆ ಹಿಡಿಸಿದ್ದು ವೇಗಾ-ಲೈಟ್, ಅದನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಷದ ಚಂದಾ ಕಟ್ಟಿ ತಗೊಂಡಿದ್ದ, ಕೋಡ್ ಬೇಡದ ಚಾರ್ಟ್ ಸೇವೆಯನ್ನು ಮುಂದುವರಿಸಲಿಲ್ಲ. ಹೆಸರು ಬೇಡ ಬಿಡಿ. ಅದರ ಬಣ್ಣ, ಅಕ್ಷರ ಎಲ್ಲ ಚೆನ್ನಾಗೇ ಇತ್ತು.

ಕೈ ಕೊಟ್ಟಿದ್ದು ಐಫ್ರೇಮ್. ಅವರು ಕೊಟ್ಟ ಕೋಡ್ ಅಂಟಿಸಿದರೆ ನಮ್ಮ ಪುಟದೊಳಗೆ ಅವರ ಪುಟ ಬಂದು ಕೂರುತ್ತದೆ. ಒಳಗಿನ ಚಾರ್ಟ್ ಎಷ್ಟು ಎತ್ತರ ಅಂತ ಹೊರಗಿನ ಪುಟಕ್ಕೆ ತಾನಾಗಿ ತಿಳಿಯೋದಿಲ್ಲ. ಕಂಪ್ಯೂಟರ್‌ನಲ್ಲಿ ಒಂದೇ ಸಾಲಿನಲ್ಲಿದ್ದ ಲೆಜೆಂಡ್ (ಯಾವ ಬಣ್ಣ ಯಾವುದಕ್ಕೆ ಅಂತ ಹೇಳುವ ಪಟ್ಟಿ) ಮೊಬೈಲ್‌ನಲ್ಲಿ ಮೂರು ಸಾಲಾಗುತ್ತದೆ, ಚಾರ್ಟನ್ನು ಕೆಳಕ್ಕೆ ತಳ್ಳುತ್ತದೆ, ಕೊನೆಗೆ ತಿಂಗಳ ಹೆಸರುಗಳಿರುವ ಅಡಿಯ ಸಾಲೇ ಕಾಣೆ! ಒಳಗೆ ಸ್ಕ್ರೋಲ್ ಕೊಟ್ಟರೆ ಇನ್ನೂ ಕಿರಿಕಿರಿ. ಪುಟ ಸರಿಸಲು ಹೋದ ಬೆರಳು ಚಾರ್ಟ್ ಮೇಲೆ ಬಿದ್ದರೆ ಅದೇ ಸರಿಯುತ್ತದೆ, ಪುಟ ಅಲ್ಲೇ ನಿಂತಿರುತ್ತದೆ.

ಇದಕ್ಕೆ ಮದ್ದು ಇಲ್ಲ ಅಂತಲ್ಲ. ಒಳಗಿನ ಪುಟ ತನ್ನ ಎತ್ತರವನ್ನು ಪೋಸ್ಟ್‌ಮೆಸೇಜ್ (ಒಂದು ಪುಟ ಇನ್ನೊಂದಕ್ಕೆ ಸಂದೇಶ ಕಳಿಸುವ ಬ್ರೌಸರ್ ಸೌಲಭ್ಯ) ಮೂಲಕ ಹೇಳಬೇಕು, ಹೊರಗಿನ ಸಣ್ಣ ಸ್ಕ್ರಿಪ್ಟ್ ಅದನ್ನು ಕೇಳಿಸಿಕೊಂಡು ಐಫ್ರೇಮ್ ಹಿಗ್ಗಿಸಬೇಕು. ಆ ಸ್ಕ್ರಿಪ್ಟ್ ದುಬಾರಿ ಪ್ಲಾನ್‌ನಲ್ಲಿ ಮಾತ್ರ ಸಿಗುತ್ತಿತ್ತು. ಚಾರ್ಟ್ ಪೂರ್ತಿ ಕಾಣಿಸೋಕೆ ಬೇರೆ ದುಡ್ಡಾ?

ಡಿ3 ಪುಕ್ಕಟೆ. 2011ರಲ್ಲಿ ಮೈಕ್ ಬೊಸ್ಟಾಕ್, ಜೆಫ್ರಿ ಹೀರ್, ವಾಡಿಮ್ ಒಗಿವೆಟ್ಸ್ಕಿ ತಂದದ್ದು. ಅದರಲ್ಲಿ ಆಗದ ಕೆಲಸವೇ ಇಲ್ಲ ಅನ್ನಬಹುದು, ಆದರೆ ಸ್ಕೇಲು, ಅಕ್ಷ, ಟೂಲ್‌ಟಿಪ್ (ಮೌಸ್ ಇಟ್ಟಾಗ ಕಾಣುವ ಸಣ್ಣ ವಿವರ) ಎಲ್ಲ ನಾವೇ ಕಟ್ಟಬೇಕು. ಡೇಟಾ ಜೋಡಿಸುವಾಗ ಕೀ ಫಂಕ್ಷನ್ (ಯಾವ ಡೇಟಾ ಯಾವ ಕಂಬದ್ದು ಅಂತ ಗುರುತಿಸುವ ತುಣುಕು ಕೋಡ್) ಕೊಡದಿದ್ದರೆ ಅದು ಬರೀ ಕ್ರಮಾಂಕ ನೋಡಿ ಹೊಂದಿಸುತ್ತದೆ. ಆಗ ಪಟ್ಟಿಯ ಕ್ರಮ ಬದಲಾದರೂ ಕಂಬಗಳು ಜಾಗ ಬದಲಿಸೋದಿಲ್ಲ, ನಿಂತಲ್ಲೇ ಉದ್ದ ಗಿಡ್ಡ ಆಗುತ್ತವೆ. ಯಾರು ಮೇಲೆ ಬಂದರು ಅನ್ನೋದು ನೋಡುವವರಿಗೆ ತಿಳಿಯೋದೇ ಇಲ್ಲ.

ವೇಗಾ-ಲೈಟ್ ಹಿಂದೆಯೂ ಅದೇ ಹೀರ್ ಅವರ ಲ್ಯಾಬ್ ಇದೆ. ಇಲ್ಲಿ ಜೇಸನ್‌ನಲ್ಲಿ, ಅಂದರೆ ಏನು ಬೇಕು ಅಂತ ಪಟ್ಟಿ ಮಾಡುವ ಸರಳ ಬರಹದ ರೂಪದಲ್ಲಿ, ಹೇಳಿದರೆ ಸಾಕು: ಕಂಬದ ಚಾರ್ಟ್, ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಮೊತ್ತ. ಮೇಲಿನ ಚಾರ್ಟ್‌ನಲ್ಲಿ ಎಳೆದು ಆರಿಸಿದ ಅವಧಿ ಮಾತ್ರ ಕೆಳಗಿನದರಲ್ಲಿ ಬಿಡಿಸಿ ಕಾಣಬೇಕು ಅಂದರೆ, ಡಿ3ಯಲ್ಲಿ ಅರ್ಧ ದಿನ ಹಿಡಿಯುವ ಕೆಲಸ ಇಲ್ಲಿ ನಾಲ್ಕಾರು ಸಾಲಿಗೆ ಮುಗಿಯುತ್ತದೆ. ಐಫ್ರೇಮ್ ಇಲ್ಲ, ಹಾಗಾಗಿ ಎತ್ತರದ ಗೋಳೂ ಇಲ್ಲ.

ಕೊಂಕು ಇಲ್ಲೂ ಇದೆ. ಕಾಲಂ ಹೆಸರಿನಲ್ಲಿ ಚುಕ್ಕಿ ಇದ್ದರೆ, 'ಸರಾಸರಿ.ತಾಪ' ಅಂತಿಟ್ಟುಕೊಳ್ಳಿ, ಅದನ್ನು 'ಸರಾಸರಿ'ಯ ಒಳಗಿನ 'ತಾಪ' ಅಂದುಕೊಂಡು ಹುಡುಕುತ್ತದೆ, ಸಿಗದಿದ್ದರೆ ತುಟಿಪಿಟಕ್ ಅನ್ನದೆ ಖಾಲಿ ಚಾರ್ಟ್ ತೋರಿಸುತ್ತದೆ. ಹೀಗೆ ಮೇಲೆ ಕೆಳಗೆ ಜೋಡಿಸಿದ ಚಾರ್ಟ್ ಪರದೆಯ ಅಗಲಕ್ಕೆ ತಾನಾಗಿ ಹೊಂದಿಕೊಳ್ಳೋದಿಲ್ಲ, ಅಗಲ ನಾವೇ ಕೊಡಬೇಕು.

ನನ್ನದು ಪ್ರತಿ ತಿಂಗಳೂ ಸಿಎಸ್‌ವಿ (ಡೇಟಾ ಇರುವ ಫೈಲ್) ಬದಲಿಸಿ ಅದೇ ಚಾರ್ಟ್ ಮತ್ತೆ ಹಾಕುವ ಕೆಲಸ. ಹಳೇ ಕೋಡ್ ಓದಿ ನೆನಪಿಸಿಕೊಳ್ಳುವ ತಾಳ್ಮೆ ನನಗಿಲ್ಲ, ಜೇಸನ್ ಆದರೆ ಕಣ್ಣಾಡಿಸಿದರೆ ಸಾಕು. ಕಂಬಗಳು ಸರಿದಾಡುವ ಅನಿಮೇಷನ್ ಯಾರಾದರೂ ಕೇಳಿದರೆ ಮಾತ್ರ ಡಿ3 ತೆಗೆಯುತ್ತೇನೆ, ಅದೂ ಸಮಯ ಜಾಸ್ತಿ ಕೊಟ್ಟರೆ.