ಸರ್ವರ್ ತಾನಾಗೇ ರೀಸ್ಟಾರ್ಟ್ ಆದರೆ ಯಾವುದನ್ನು ನಂಬೋಣ? ಮೆಮ್‌ಟೆಸ್ಟ್, ಬಿಎಂಸಿ ಲಾಗ್, ಅದಲು ಬದಲು

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಅಲ್ಲಿಯ ಒಂದು ಹಳೆಯ ಟವರ್ ಸರ್ವರ್ ನಡುಮಧ್ಯಾಹ್ನ ತಾನಾಗೇ ರೀಸ್ಟಾರ್ಟ್ ಆಗುತ್ತಿತ್ತು. ಇಸಿಸಿ ರ‍್ಯಾಮ್ (ಸಣ್ಣ ತಪ್ಪನ್ನು ತಾನೇ ತಿದ್ದಿಸಿಕೊಳ್ಳುವ ಮೆಮೊರಿ), ಲಿನಕ್ಸ್, ಅದರೊಳಗಿನ ವರ್ಚುವಲ್ ಮಷೀನಿನಲ್ಲಿ ಟ್ಯಾಲಿ. ಕೈಗೆ ಸಿಗುವ ಉಪಾಯಗಳನ್ನೆಲ್ಲ ಅದೊಂದರ ಮೇಲೇ ಹಚ್ಚಿ ನೋಡಿದೆ.

ಎಲ್ಲರ ಬಾಯಲ್ಲೂ ಮೊದಲು ಬರುವುದು ಮೆಮೊರಿ ಪರೀಕ್ಷಿಸುವ ಪ್ರೋಗ್ರಾಮ್ ಮೆಮ್‌ಟೆಸ್ಟ್86 ಪ್ಲಸ್. ಪುಕ್ಕಟೆ, ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ, 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಹಳೆಯ ಬಯಾಸ್ ಬದಲು ಯುಇಎಫ್‌ಐ ಇರುವ ಯಂತ್ರಗಳಲ್ಲೂ ನಡೆಯುತ್ತದೆ. ಆದರೆ ಅದು ಓಡುವಷ್ಟು ಹೊತ್ತು ಸರ್ವರ್ ಬಂದ್. "ಮತ್ತ ಬಿಲ್ ಹಾಕೂದು ಯಾವಾಗ್ರಿ?" ಎಂದು ಲೆಕ್ಕ ಬರೆಯುವ ಕಾಕಾ ಬಾಗಿಲಲ್ಲೇ ನಿಂತರು. ಸರಿ, ರಾತ್ರಿ ಹಚ್ಚಿಟ್ಟು ಹೋದೆ. ಬೆಳಿಗ್ಗೆ ಪರದೆ ತುಂಬ 'ಪಾಸ್'.

ಮನೆಯ ಪಿಸಿ ಆಗಿದ್ದರೆ ನಂಬಬಹುದಿತ್ತು. ಇಸಿಸಿ ಇರುವಲ್ಲಿ ಈ ಪಾಸ್‌ಗೆ ಅಷ್ಟು ಬೆಲೆಯಿಲ್ಲ. ಒಂದು ಬಿಟ್ ತಪ್ಪಿದರೆ ಮೆಮೊರಿ ಕಂಟ್ರೋಲರ್ ದಾರಿಯಲ್ಲೇ ತಿದ್ದಿಬಿಡುತ್ತದೆ, ಪರೀಕ್ಷೆ ಮಾಡುವ ಪ್ರೋಗ್ರಾಮಿನ ಕೈಗೆ ಸರಿಯಾದ ಡೇಟಾನೇ ಸಿಗುತ್ತದೆ. ತಿದ್ದಿದ ಲೆಕ್ಕ ಕಂಟ್ರೋಲರ್ ಹತ್ತಿರ ಇರುತ್ತದೆ, ಎಲ್ಲ ಚಿಪ್‌ಸೆಟ್‌ಗಳಲ್ಲಿ ಅದನ್ನು ಓದಲು ಮೆಮ್‌ಟೆಸ್ಟ್‌ಗೆ ಬರುವುದಿಲ್ಲ. ಎರಡು ಬಿಟ್ ಒಟ್ಟಿಗೆ ತಪ್ಪಿದಾಗ ಮಾತ್ರ ತಿದ್ದಲಾಗದೆ ಯಂತ್ರ ಮಗುಚಿ ಬೀಳುತ್ತದೆ. ಆ ಗಳಿಗೆ ರಾತ್ರಿ ಪರೀಕ್ಷೆ ನಡೆಯುವಾಗಲೇ ಬರಬೇಕೆಂದರೆ ಹೇಗೆ?

ಲಿನಕ್ಸ್ ಒಳಗಿನಿಂದಲೇ ಓಡುವ ಮೆಮ್‌ಟೆಸ್ಟರ್‌ದೂ ಅದೇ ಹಣೆಬರಹ. ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಹಿಡಿದಿಟ್ಟ ಜಾಗವನ್ನಂತೂ ಅದು ಮುಟ್ಟಲಾರದು. ಸರ್ವರ್ ಬಂದ್ ಮಾಡಬೇಕಿಲ್ಲ, ಅಷ್ಟೇ ಲಾಭ.

ನನ್ನ ಓಟು ಬಿಎಂಸಿಗೆ. ಮದರ್‌ಬೋರ್ಡ್ ಮೇಲೆಯೇ ಕೂತ ಬೇರೊಂದು ಪುಟ್ಟ ಕಂಪ್ಯೂಟರ್ ಅದು, ಸರ್ವರ್ ಆಫ್ ಇದ್ದರೂ ಸ್ಟ್ಯಾಂಡ್‌ಬೈ ಕರೆಂಟಿನ ಮೇಲೆ ಎಚ್ಚರವಿರುತ್ತದೆ. ಅದರ ಲಾಗ್ ಓದುವ 'ಐಪಿಎಂಐಟೂಲ್ ಸೆಲ್ ಇಲಿಸ್ಟ್' ಆಜ್ಞೆ ಕೊಟ್ಟ ಕೂಡಲೇ ಸಾಲುಸಾಲು ಬಂತು: ಕರೆಕ್ಟೆಬಲ್ ಇಸಿಸಿ, ಕರೆಕ್ಟೆಬಲ್ ಇಸಿಸಿ, ನಡುವೆ ಅಲ್ಲಲ್ಲಿ ಅನ್‌ಕರೆಕ್ಟೆಬಲ್ (ಮೊದಲಿನದು ತಿದ್ದಬಲ್ಲ ತಪ್ಪು, ಎರಡನೆಯದು ತಿದ್ದಲಾಗದ್ದು). ಎಲ್ಲದರ ಮುಂದೆ ರ‍್ಯಾಮ್ ಕೂರಿಸುವ ಒಂದೇ ಸ್ಲಾಟಿನ ಹೆಸರು. ಕೆಲವು ಸಾಲುಗಳ ತಾರೀಖು ಮಾತ್ರ 1970! ಬಿಎಂಸಿಯ ಗಡಿಯಾರ ಬೇರೆಯೇ, ಅದು ಸರಿಹೊಂದುವ ಮೊದಲು ಬರೆದದ್ದೆಲ್ಲ ಹೀಗೆ ಕಾಣುತ್ತದೆ. ಲಾಗ್ ತುಂಬಿದರೆ ಎಷ್ಟೋ ಬೋರ್ಡುಗಳು ಹೊಸದನ್ನು ಬರೆಯುವುದನ್ನೇ ನಿಲ್ಲಿಸುತ್ತವೆ, ಹಾಗಾಗಿ ಕಾಪಿ ಮಾಡಿಟ್ಟುಕೊಂಡು ಖಾಲಿ ಮಾಡಿದೆ.

ಉದ್ಯಮಬಾಗದಲ್ಲಿ ಏನೇ ಕೆಟ್ಟರೂ ಬೈಗುಳ ಕರೆಂಟಿಗೆ. ಸೆನ್ಸರ್ ಪಟ್ಟಿಯಲ್ಲಿ 12 ವೋಲ್ಟ್ ಲೈನು ನೋಡಿದೆ, 11.4ರಿಂದ 12.6ರ ಒಳಗೇ ಇತ್ತು. ಕಣ್ಣುಮಿಟುಕಿಸುವಷ್ಟರಲ್ಲಿ ಬಿದ್ದೆದ್ದ ವೋಲ್ಟೇಜು ಈ ಸೆನ್ಸರಿಗೆ ಕಾಣಿಸುವುದಿಲ್ಲ ಅನ್ನುವುದೂ ನೆನಪಿರಲಿ.

"ಹಂಗಾರ ಹೊಸಾ ರ‍್ಯಾಮ್ ತರಸೂಣೇನ್ರಿ?" ಎಂದರು ಮಾಲಕರು.

"ತಡೀರಿ ಮಾಲಕರ, ಲಾಗ್ ಸ್ಲಾಟಿನ ಹೆಸರು ಹೇಳೇತಿ, ರ‍್ಯಾಮಿಂದಲ್ಲ."

ಇಲ್ಲಿ ಬೇಕಾದದ್ದು ಅದಲು ಬದಲು. ಆ ಸ್ಲಾಟಿನ ರ‍್ಯಾಮ್ ಕಡ್ಡಿಯನ್ನು ಅದೇ ಜಾತಿಯ ಇನ್ನೊಂದರ ಜಾಗಕ್ಕೆ ಹಾಕಿ, ಅದನ್ನು ಇಲ್ಲಿಗೆ ತಂದೆ. ದೋಷ ಕಡ್ಡಿಯ ಹಿಂದೆ ಹೋದರೆ ಕಡ್ಡಿ ಕೆಟ್ಟಿದೆ. ಜಾಗ ಬಿಡದಿದ್ದರೆ ಸ್ಲಾಟು, ಬೋರ್ಡು ಅಥವಾ ಪ್ರೊಸೆಸರಿನ ಕಂಟ್ರೋಲರ್. ನಮ್ಮ ದೋಷ ಜಾಗ ಬಿಡಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಸ್ಲಾಟಿನ ತಳದಲ್ಲಿ ಕಾಡಿಗೆಯಂಥ ಸಣ್ಣ ಕರಿ ದೂಳು. ಅಚ್ಚಿನ ಮರಳು, ಕಲ್ಲಿದ್ದಲ ಪುಡಿ, ಕಬ್ಬಿಣದ ಕಣ ಎಲ್ಲ ಸೇರಿದ್ದು. ಮೆತ್ತನೆಯ ಬ್ರಷ್ಷು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೆಗೆದು, ಪೂರ್ತಿ ಒಣಗಿದ ಮೇಲೆ ಹಾಕಿದೆ. ಶಾಪಿನ ಕಂಪ್ರೆಸರ್‌ನಿಂದ ಗಾಳಿ ಹೊಡೆಯಲು ಹುಡುಗರು ಪೈಪು ಹಿಡಿದು ಬಂದಿದ್ದರು, ಬೇಡವೆಂದೆ. ಆ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಬರುತ್ತವೆ.

ಈಗ ಲಿನಕ್ಸಿನಲ್ಲಿ ರಾಸ್‌ಡೀಮನ್ ಹಾಕಿಟ್ಟಿದ್ದೇನೆ. ತಿದ್ದಿದ ತಪ್ಪುಗಳನ್ನು ಎಣಿಸುತ್ತಾ ಹೋಗಲು ಅದು ಒಳ್ಳೆಯದು, ಆದರೆ ಯಂತ್ರ ಬೀಳುವ ಕೊನೆಯ ಕ್ಷಣದ್ದು ಡಿಸ್ಕಿಗೆ ಇಳಿಯದೇ ಹೋಗಬಹುದು. ಅದಕ್ಕೆ ಮತ್ತೆ ಬಿಎಂಸಿಯೇ ಗತಿ.

ಹಳೆಯ ಪಿಸಿಯನ್ನೇ ಸರ್ವರ್ ಮಾಡಿಕೊಂಡವರಿಗೆ ಈ ಸಾಲು ತಿರುಗುಮುರುಗು. ಬಿಎಂಸಿ ಇಲ್ಲ, ಇಸಿಸಿ ಇಲ್ಲ. ಅವರು ಮೆಮ್‌ಟೆಸ್ಟ್‌ನಿಂದಲೇ ಶುರು ಮಾಡಬೇಕು, ಅಲ್ಲಿ ಒಂದೇ ಒಂದು ಕೆಂಪು ಸಾಲು ಬಂದರೂ ರ‍್ಯಾಮು, ಸ್ಲಾಟು, ಬಯಾಸ್ ಸೆಟ್ಟಿಂಗು ಮೂರನ್ನೂ ನೋಡಬೇಕು.