ಕುಡಿತ ಬಿಡೋಕೆ ಡೈಸಲ್ಫಿರಾಮೋ, ನಾಲ್‌ಟ್ರೆಕ್ಸೋನೋ?

ಡೈಸಲ್ಫಿರಾಮ್ ಹೆದರಿಸುವ ಮಾತ್ರೆ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಡವಡವ ಹೊಡೆದುಕೊಂಡು ವಾಂತಿ ಶುರುವಾಗುತ್ತದೆ, ಮಾತ್ರೆ ನಿಲ್ಲಿಸಿದ ಮೇಲೂ 14 ದಿನದವರೆಗೆ ಹೀಗಾಗಬಹುದು, ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ಪೂ ಸಾಕು. ಕುಡಿಯುವವರಿಗೆ ಹೇಳದೆ ಊಟದಲ್ಲಿ ಬೆರೆಸುವುದಂತೂ ಬೇಡವೇ ಬೇಡ, ಜೀವಕ್ಕೇ ಕುತ್ತು. ಮನೆಯವರು ಎದುರು ನಿಂತು ನುಂಗಿಸಿದರೆ ಸರಿ, ಇಲ್ಲದಿದ್ದರೆ ತಪ್ಪಿಸುವುದು ಸುಲಭ ಅಲ್ವಾ?

ನಾಲ್‌ಟ್ರೆಕ್ಸೋನ್ ಹೆದರಿಸುವುದಿಲ್ಲ, ಕುಡಿತದ ಮಜಾ ಕಡಿಮೆ ಮಾಡುತ್ತದೆ. ಪೂರ್ತಿ ಬಿಡೋಕಾಗದೆ ಮೊದಲು ಕಡಿಮೆ ಮಾಡೋಣ ಅನ್ನುವವರಿಗೆ ನನ್ನ ಓಟು ಇದಕ್ಕೇ. ತಿಂಗಳಿಗೊಂದು ಇಂಜೆಕ್ಷನ್ನೂ ಇದೆ. ಆದರೆ ಟ್ರಮಡಾಲ್, ಮಾರ್ಫಿನ್ ತರಹದ ನೋವಿನ ಔಷಧಿ ನಡೆಯುತ್ತಿದ್ದರೆ ಇದು ಆಗದು.

ಲಿವರ್ ಜಾಸ್ತಿ ಕೆಟ್ಟಿದ್ದರೆ ಎರಡೂ ಕಷ್ಟ. ಆಗ ಡಾಕ್ಟರ್ ಹತ್ತಿರ ಅಕಾಂಪ್ರೊಸೇಟ್ ಅನ್ನುವ ಇನ್ನೊಂದು ಮಾತ್ರೆ ಬಗ್ಗೆ ಕೇಳಿ, ಅದಕ್ಕೆ ಕಿಡ್ನಿ ಚೆನ್ನಾಗಿರಬೇಕು.