ಹಳೇ ನೆಟ್‌ಬುಕ್‌ಗೆ ಡೆಬಿಯನ್ 12: ಬಿಲ್ಲಿಗೆ ಸೈ, ವಿಡಿಯೊಗೆ ಬೇಡ

ಆಟಂ ಎನ್270 ಪ್ರೊಸೆಸರಿನ ನೆಟ್‌ಬುಕ್ ಇದ್ದರೆ ಡೆಬಿಯನ್ 12ರ (ಇದು ಬಿಟ್ಟಿ ಸಿಗುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ) 32 ಬಿಟ್ ಆವೃತ್ತಿ ಹಾಕಿ. ಸುಮ್ನೆ 13 ಹುಡುಕಬೇಡಿ. 2025ರ ಆಗಸ್ಟ್‌ನಲ್ಲಿ ಬಂದ ಅದರಲ್ಲಿ ಇಂಥ 32 ಬಿಟ್ ಯಂತ್ರಗಳಿಗೆ ಕರ್ನಲ್ಲೂ (ಸಿಸ್ಟಂನ ತಿರುಳು) ಇಲ್ಲ, ಇನ್‌ಸ್ಟಾಲರೂ ಇಲ್ಲ.

ನಮ್ಮದು ತುಮಕೂರಿನ ಮಂಡಿಪೇಟೆಯಲ್ಲಿ ದಿನಸಿ ಅಂಗಡಿ. ಗಲ್ಲಾ ಪಕ್ಕದ ನೆಟ್‌ಬುಕ್‌ಗೆ ರ‍್ಯಾಮ್ 2 ಜಿಬಿ ಮಾಡಿಸಿ, ಎಸ್‌ಎಸ್‌ಡಿ ಹಾಕಿಸಿದೆ. ಡೆಸ್ಕ್‌ಟಾಪ್ ಹಗುರವಾದ ಎಲ್‌ಎಕ್ಸ್‌ಡಿಇ. ವೈಫೈ ಓಡಿಸುವ ಫರ್ಮ್‌ವೇರ್ 12ರ ಇನ್‌ಸ್ಟಾಲರ್‌ನಲ್ಲೇ ಬರುತ್ತದೆ, ದೊಡ್ಡ ತಲೆನೋವು ತಪ್ಪಿತು. ಲಿಬ್ರೆಆಫೀಸ್ ಕ್ಯಾಲ್ಕ್ ತೆರೆಯುವಷ್ಟರಲ್ಲಿ ಒಬ್ಬ ಗಿರಾಕಿಗೆ ಬೆಲ್ಲ ತೂಗಿ ಕೊಡಬಹುದು. ತೆರೆದ ಮೇಲೆ ಬಿಲ್ ಸಲೀಸು. ತೊಗರಿಬೇಳೆ, ಹುಣಸೆಹಣ್ಣು ಎಲ್ಲ ಕನ್ನಡದಲ್ಲೇ ಟೈಪ್ ಮಾಡುತ್ತೇನೆ: ಟೈಪಿಂಗ್ ತಂತ್ರಾಂಶ ಐಬಸ್‌ನಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಇದೆ, ಗುಬ್ಬಿ ಮತ್ತು ನವಿಲು ಫಾಂಟ್‌ಗಳು ಡೆಬಿಯನ್‌ನಲ್ಲೇ ಸಿಗುತ್ತವೆ. ಯೂನಿಕೋಡ್ ಅಲ್ಲದ ಹಳೇ ಫೈಲ್‌ಗಳು ಮಾತ್ರ ಗಜಿಬಿಜಿ. ಬ್ರೌಸರ್‌ನಲ್ಲಿ ವಿಡಿಯೊ? ಆ ಆಸೆ ಬಿಡಿ.

"ಕೆಡದೇ ಇರೋ ಮಿಷಿನ್ನಿಗೆ ಯಾಕಪ್ಪಾ ಬಾಗಿಲು ಹಾಕ್ತಾರೆ?" ಅಂತ ಅಪ್ಪ ಗೊಣಗುತ್ತಾರೆ. ನನಗೆ ಅಷ್ಟು ಸಿಟ್ಟಿಲ್ಲ. 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದ್ದೇ ಇಂಟೆಲ್‌ನ ಹಳೇ 386 ಪ್ರೊಸೆಸರ್ ಮೇಲೆ. ಅದರ ಬೆಂಬಲವನ್ನೇ 2012ರ ಡಿಸೆಂಬರಿನಲ್ಲಿ ಕರ್ನಲ್‌ನಿಂದ ತೆಗೆದರು, 2013ರ ಕರ್ನಲ್ 3.8ರಿಂದ ಅದು ಇಲ್ಲ. ಮುಂದಿನ ಪ್ರೊಸೆಸರುಗಳಲ್ಲಿ ಬಂದ ಕೆಲವು ಸೂಚನೆಗಳು 386ಕ್ಕೆ ಗೊತ್ತೇ ಇರಲಿಲ್ಲ. ಅದಕ್ಕೆಂದೇ ಅಡ್ಡದಾರಿ ಕೋಡ್ ಇಟ್ಟುಕೊಳ್ಳಬೇಕಿತ್ತು, ಏನು ಬದಲಿಸಿದರೂ ಅದನ್ನೂ ನೋಡಿಕೊಳ್ಳಬೇಕಿತ್ತು. ಬಳಸುವವರೇ ಇಲ್ಲದ ಮೇಲೆ ಯಾರು ಮಾಡುತ್ತಾರೆ? 2025ರಲ್ಲಿ ಅದರ ಮುಂದಿನ 486 ಅನ್ನೂ ತೆಗೆಯುವ ಪ್ಯಾಚ್‌ಗಳನ್ನು (ಕೋಡ್ ಬದಲಾವಣೆ) ಕರ್ನಲ್ ಡೆವಲಪರ್ ಇಂಗೊ ಮೊಲ್ನಾರ್ ಕಳಿಸಿದರು.

ನಮ್ಮ ಆಟಂ ಕಥೆ ಬೇರೆ. ಅದನ್ನು ಕೈಬಿಟ್ಟಿದ್ದು ಲಿನಕ್ಸ್ ಕರ್ನಲ್ ಅಲ್ಲ, ಡೆಬಿಯನ್. ಕರ್ನಲ್ ನಾವೇ ಕಂಪೈಲ್ ಮಾಡಿಕೊಳ್ಳಬಹುದು ನಿಜ, ಆದರೆ ಅಂಗಡಿ ಯಾರು ನೋಡುತ್ತಾರೆ? ಡೆಬಿಯನ್‌ನವರ ಮೇಲೆ ನನ್ನ ತಕರಾರು ಒಂದೇ. ಬಡ ಊರುಗಳಲ್ಲಿ ಇಂಥ ಯಂತ್ರ ಇನ್ನೂ ಜಾಸ್ತಿ ಓಡುತ್ತಿವೆ, ಇನ್ನೊಂದು ಆವೃತ್ತಿವರೆಗೆ ಕಾಯಬಹುದಿತ್ತು.

12ಕ್ಕೆ ಭದ್ರತಾ ಅಪ್‌ಡೇಟ್ 2028ರ ಜೂನ್‌ವರೆಗೆ ಇದೆ, ಅದೂ ಬಿಟ್ಟಿಯಾಗಿ. ಆಮೇಲೆ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಕೋರ್ 2 ಡ್ಯುಯೊ ಆದರೂ ಸಾಕು, ಅದು 64 ಬಿಟ್. ಮಾರುವವರ ಬಾಯಿಮಾತು ನಂಬಬೇಡಿ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು (lscpu) ಅಂತ ಹೊಡೆದು, 64 ಬಿಟ್ ಅಂತ ತೋರಿಸಿದ ಮೇಲೆ ದುಡ್ಡು ಎಣಿಸಿ.